ಐಸ್ ಹಾಕಿ ಗೋಲ್‌ಕೀಪರ್ ಸಾಮಾನು: ಬೆಳೆಯೋ ಮಗು ಅಂತ ದೊಡ್ಡದು ತಗೋಬೇಡಿ, ಮೊದಲು ಟೇಪು ಹಿಡೀರಿ

ನಮ್ಮ ಕಡೆ ಮಕ್ಕಳಿಗೆ ಯೂನಿಫಾರ್ಮ್ ಹೊಲಿಸೋಕೆ ಹೋದಾಗ ಟೈಲರ್ ಹತ್ರ ಎಲ್ಲರೂ ಹೇಳೋದು ಒಂದೇ ಮಾತು, ಬೆಳೆಯೋ ಮಗು ಮಾರಾಯ್ರೆ, ಎರಡು ಇಂಚು ಜಾಸ್ತಿ ಇಟ್ಟು ಮಡಚಿ ಹೊಲೀರಿ ಅಂತ. ಚಪ್ಪಲಿ, ರೇನ್‌ಕೋಟ್, ಸೈಕಲ್ ಎಲ್ಲಕ್ಕೂ ಇದೇ ಲೆಕ್ಕ, ಮೂರು ವರ್ಷ ಬರ್ತದೆ, ಆಮೇಲೆ ತಮ್ಮನಿಗೆ ಆಗ್ತದೆ. ಆದ್ರೆ ಐಸ್ ಹಾಕಿ ಗೋಲ್‌ಕೀಪರ್ ಸಾಮಾನಿಗೆ ಈ ಲೆಕ್ಕ ನಡೆಯೋದಿಲ್ಲ. ಒಂದು, ರೂಲ್ ಬುಕ್ ಒಪ್ಪೋದಿಲ್ಲ. ಎರಡು, ದೊಡ್ಡ ಸಾಮಾನು ಹಾಕಿದ ಮಗುವಿಗೇ ಪೆಟ್ಟಾಗ್ತದೆ. ಇದು ನನಗೆ ಗೊತ್ತಾಗಿದ್ದು ತಂಗಿ ಮಗಳ ಸಾಮಾನು ಕೂಡಿಸುವಾಗ, ಹಾಗಾಗಿ ಮೊದಲಿಂದ ಕೊನೆವರೆಗೆ ಬರೆದಿಡ್ತಿದ್ದೇನೆ, ಕಾರವಾರ, ಕೈಗಾ, ಶಿರಸಿ ಕಡೆ ಸ್ಕೇಟಿಂಗ್ ಕಲಿಯೋ ಮಕ್ಕಳ ಅಪ್ಪ ಅಮ್ಮಂದಿರಿಗೆ, ಕೆನಡಾ ಅಮೆರಿಕದಲ್ಲಿ ಮಕ್ಕಳನ್ನ ರಿಂಕಿಗೆ (ಐಸ್ ಆಟದ ಅಂಗಳಕ್ಕೆ) ಬಿಡೋ ನಮ್ಮೂರವರಿಗೆ ಉಪಯೋಗ ಆಗಲಿ ಅಂತ.

ಹುಡುಗಿಗೆ 14 ವರ್ಷ. ಇಲ್ಲೇ ಕಾರವಾರದಲ್ಲಿ ಚಿಕ್ಕಂದಿನಿಂದ ಇನ್‌ಲೈನ್ ಸ್ಕೇಟಿಂಗ್ ಮಾಡ್ತಾಳೆ, ಎರಡು ವರ್ಷದಿಂದ ಹಾಕಿಯಲ್ಲಿ ಗೋಲಿಗೆ ನಿಲ್ತಾಳೆ. ಚಳಿಗಾಲದಲ್ಲಿ ಲಡಾಖ್‌ಗೆ ಹೋಗಿ ನಿಜವಾದ ಐಸ್ ಮೇಲೆ ಆಡಬೇಕು ಅಂತ ಹಠ. ನಮ್ಮ ದೇಶದಲ್ಲಿ ಐಸ್ ಹಾಕಿ ಅಂದ್ರೆ ಮೊದಲು ಲಡಾಖೇ, ಲೇಹ್‌ನ ಎನ್‌ಡಿಎಸ್ ರಿಂಕ್, ಆಮೇಲೆ ಸ್ಪಿತಿಯ ಕಾಜಾ, ಡೆಹ್ರಾಡೂನಿನ ಒಳಾಂಗಣ ರಿಂಕ್. ಭಾರತ 1989ರಿಂದಲೇ ಅಂತಾರಾಷ್ಟ್ರೀಯ ಐಸ್ ಹಾಕಿ ಫೆಡರೇಶನ್ ಅಂದ್ರೆ ಐಐಎಚ್‌ಎಫ್ ಸದಸ್ಯ, ನಮ್ಮ ಹೆಣ್ಣುಮಕ್ಕಳು 2025ರ ಮಹಿಳಾ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದು ಬಂದಿದ್ದಾರೆ, ಆ ಸುದ್ದಿ ಕೇಳಿದ ಮೇಲಂತೂ ಇವಳನ್ನ ಹಿಡಿಯೋಕೆ ಆಗ್ಲಿಲ್ಲ.

ಕೆನಡಾದಲ್ಲಿರೋ ಚಿಕ್ಕಪ್ಪನ ಮಗ ಚೌತಿಗೆ ಊರಿಗೆ ಬರುವಾಗ ಒಂದು ಚೀಲ ಹಳೇ ಸಾಮಾನು ತಂದುಕೊಟ್ಟ, ಅಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಎಲ್ಲ ದೊಡ್ಡದೇ ನೋಡಿ ತಂದಿದ್ದೇನೆ, ಬೆಳೀತಾಳಲ್ಲ ಅಂದ. ನನಗೂ ಸರಿ ಅನ್ನಿಸ್ತು. ಜಗಲಿ ಮೇಲೆ ಕಾಲಿನ ಪ್ಯಾಡ್ ಇಟ್ಟು, ಅಮ್ಮನ ಹೊಲಿಗೆ ಮಶಿನಿನ ಡ್ರಾಯರಿಂದ ಇಂಚು ಟೇಪು ತಂದು ಮಂಡಿ ಹತ್ರ ಅಡ್ಡ ಹಿಡಿದೆ. 12 ಇಂಚು. ಇನ್ನೊಂದು ಪ್ಯಾಡ್, ಅದೂ 12. ರೂಲ್ ಪ್ರಕಾರ 11 ಇಂಚು ಮೀರಬಾರದು. ಹುಡುಗಿ ನನ್ನ ಮುಖ ನೋಡ್ತಾ ನಿಂತಿದ್ಲು, ಮಾಮ, ಒಂದೇ ಇಂಚು ಅಲ್ವಾ, ಯಾರಿಗೆ ಗೊತ್ತಾಗ್ತದೆ ಅಂದ್ಲು. ಗೊತ್ತಾಗ್ತದೆ. ರೆಫ್ರಿಗೆ ಗೊತ್ತಾಗದಿದ್ರೂ ನಮಗೆ ಗೊತ್ತಿದೆಯಲ್ಲ, ಆ ಪ್ಯಾಡ್ ಹಾಕಿ ತಡೆದ ಗೋಲು ಅವಳು ತಡೆದಿದ್ದು ಅಂತ ನಾನು ಹೇಗೆ ಹೇಳ್ಲಿ?

ಈ ಒಂದಿಂಚಿನ ಹಿಂದಿರೋ ಕತೆ

ರೂಲ್ ಯಾಕೆ ಹೀಗಿದೆ ಅಂತ ಗೊತ್ತಾದ್ರೆ ಅಳತೆ ಬಾಯಿಪಾಠ ಮಾಡೋದೇ ಬೇಡ, ಅದಕ್ಕೆ ಇದನ್ನ ಮೊದಲು ಹೇಳ್ತೇನೆ. ಗೋಲು 6 ಅಡಿ ಅಗಲ, 4 ಅಡಿ ಎತ್ತರ. ಪಕ್ ಅಂದ್ರೆ 3 ಇಂಚು ಅಗಲ, 1 ಇಂಚು ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ, ತೂಕ ಸುಮಾರು 160 ಗ್ರಾಂ, ಅಂದ್ರೆ ಹೆಚ್ಚುಕಮ್ಮಿ ಕ್ರಿಕೆಟ್ ಬಾಲಿನಷ್ಟೇ, ಮ್ಯಾಚಿಗೆ ಮುಂಚೆ ಫ್ರೀಜರಿನಲ್ಲಿಟ್ಟು ಇನ್ನೂ ಗಟ್ಟಿ ಮಾಡ್ತಾರೆ. ದೊಡ್ಡವರ ಆಟದಲ್ಲಿ ಅದು ಗಂಟೆಗೆ 150 ಕಿಲೋಮೀಟರಿಗಿಂತ ಜೋರಾಗಿ ಬರೋದುಂಟು. ಇದರ ಎದುರು ನಿಲ್ಲೋರಿಗೆ ರಕ್ಷಣೆ ಬೇಕೇ ಬೇಕು.

ಶುರುವಾಗಿದ್ದು ನಮ್ಮ ಪರಿಚಯದ ಸಾಮಾನಿನಿಂದಲೇ. 1896ರಲ್ಲಿ ಕೆನಡಾದ ವಿನ್ನಿಪೆಗ್ ವಿಕ್ಟೋರಿಯಾಸ್ ತಂಡದ ಗೋಲ್‌ಕೀಪರ್ ಜಾರ್ಜ್ ಮೆರಿಟ್ ಸ್ಟ್ಯಾನ್ಲಿ ಕಪ್ ಅನ್ನೋ ದೊಡ್ಡ ಟ್ರೋಫಿಯ ಪಂದ್ಯಕ್ಕೆ ಕ್ರಿಕೆಟ್ ಪ್ಯಾಡ್ ಕಟ್ಟಿಕೊಂಡು ಬಂದಿದ್ದ. ಆಮೇಲೆ 1924ರ ಹೊತ್ತಿಗೆ ಹ್ಯಾಮಿಲ್ಟನ್ ಊರಿನಲ್ಲಿ ಕುದುರೆ ಸರಂಜಾಮು ಹೊಲಿಯೋ ಪಾಪ್ ಕೆನೆಸ್ಕಿ ಅನ್ನೋರು ಅಗಲದ ಚರ್ಮದ ಪ್ಯಾಡ್ ಮಾಡಿದ್ರು, ಒಳಗೆ ತುಂಬ್ತಾ ಇದ್ದಿದ್ದು ಕಪೋಕ್, ಅಂದ್ರೆ ನಮ್ಮಲ್ಲಿ ದಿಂಬಿಗೆ ತುಂಬೋ ಬೂರುಗದ ಹತ್ತಿ. ಹೊರಗೆ ಚರ್ಮ, ಒಳಗೆ ಹತ್ತಿ, ಐಸಿನ ನೀರು ಕುಡಿದು ಮ್ಯಾಚ್ ಮುಗಿಯೋ ಹೊತ್ತಿಗೆ ಕಾಲು ಎತ್ತೋಕೆ ಆಗದಷ್ಟು ಭಾರ. ಅಷ್ಟು ಭಾರ ಇದ್ದಾಗ ಯಾರೂ ಸುಮ್ಮನೆ ದೊಡ್ಡ ಪ್ಯಾಡ್ ಕಟ್ಟೋದಿಲ್ಲ, ತೂಕವೇ ಒಂದು ರೂಲ್ ಇದ್ದ ಹಾಗೆ. 1980ರ ದಶಕದಲ್ಲಿ ಫೋಮ್ ಮತ್ತೆ ಸಿಂಥೆಟಿಕ್ ಚರ್ಮ ಬಂತು ನೋಡಿ, ಪ್ಯಾಡ್ ಹಗುರ ಆಯ್ತು, ಆಗ ಅಗಲ, ಉದ್ದ, ಭುಜ, ಪ್ಯಾಂಟು ಎಲ್ಲ ಉಬ್ಬುತ್ತಾ ಹೋಯ್ತು.

ಎನ್‌ಎಚ್‌ಎಲ್ ಅಂದ್ರೆ ಉತ್ತರ ಅಮೆರಿಕದ ದೊಡ್ಡ ಲೀಗ್, ಅಲ್ಲಿ 1927ರಲ್ಲಿ ಪ್ಯಾಡ್ ಅಗಲಕ್ಕೆ 10 ಇಂಚು ಮಿತಿ ಹಾಕಿದ್ರು, 1989ರಲ್ಲಿ 12ಕ್ಕೆ ಬಿಟ್ರು, ಗೋಲು ಬರೋದು ಕಮ್ಮಿ ಆಗ್ತಾ ಹೋದ ಮೇಲೆ 2005ರಲ್ಲಿ 11ಕ್ಕೆ ಇಳಿಸಿದ್ರು. ನಮ್ಮ ಚೀಲದಲ್ಲಿ ಬಂದಿದ್ದು ಆ 12ರ ಕಾಲದ್ದು. ಸೆಕೆಂಡ್ ಹ್ಯಾಂಡ್ ಸಾಮಾನಿನಲ್ಲಿ ಇದು ಈಗಲೂ ಸಿಗ್ತದೆ, ನೋಡೋಕೆ ಚೆನ್ನಾಗೇ ಇರ್ತದೆ, ರೇಟೂ ಕಮ್ಮಿ. 2010ರಿಂದ ಇನ್ನೂ ಒಂದು ಒಳ್ಳೇ ಬದಲಾವಣೆ ಬಂತು, ಎಲ್ಲರಿಗೂ ಒಂದೇ ಉದ್ದ ಅನ್ನೋದು ಹೋಗಿ ಅವರವರ ಮೈ ಅಳತೆಗೆ ತಕ್ಕ ಸಾಮಾನು ಅನ್ನೋದು. ಇಡೀ ರೂಲ್ ಬುಕ್ಕಿನ ಜೀವ ಇರೋದು ಅಲ್ಲಿ: ಸಾಮಾನು ಮೈ ಕಾಯೋಕೆ, ಗೋಲು ಮುಚ್ಚೋಕೆ ಅಲ್ಲ.

ಹೆಜ್ಜೆ 1: ಯಾವ ರೂಲ್ ಬುಕ್ ಅಂತ ಕೇಳಿ

ಭಾರತದಲ್ಲಿ ಆಡೋದಾದ್ರೆ ಐಐಎಚ್‌ಎಫ್ ರೂಲ್, ಕೆನಡಾದ ಮಕ್ಕಳಿಗೆ ಹಾಕಿ ಕೆನಡಾ, ಅಮೆರಿಕದಲ್ಲಿ ಯುಎಸ್‌ಎ ಹಾಕಿ. ಅಗಲ 11 ಇಂಚು ಅನ್ನೋದು ಎಲ್ಲ ಕಡೆ ಒಂದೇ. ವ್ಯತ್ಯಾಸ ಇರೋದು ಮಾಸ್ಕ್ ಮತ್ತೆ ಕುತ್ತಿಗೆ ರಕ್ಷಣೆಯ ಸರ್ಟಿಫಿಕೇಟ್ ವಿಷಯದಲ್ಲಿ, ಅದನ್ನ ಮುಂದೆ ಹೇಳ್ತೇನೆ. ಕ್ಯಾಂಪ್ ನಡೆಸೋರ ಹತ್ರ ಫೋನ್ ಮಾಡಿ ಒಂದು ಮಾತು ಕೇಳಿಬಿಡಿ, ಮತ್ತೆ ಸಾಮಾನು ತಗೊಂಡ ಮೇಲೆ ಕೇಳಿ ಪ್ರಯೋಜನ ಇಲ್ಲ.

ಹೆಜ್ಜೆ 2: ಮಗುವಿನ ಅಳತೆ

ಇದಕ್ಕೆ ಅರ್ಧ ಗಂಟೆ ಸಾಕು, ಬೇಕಾಗಿದ್ದು ಟೈಲರ್ ಟೇಪು, ಒಂದು ಸ್ಟೂಲು, ಪೆನ್ಸಿಲ್. ಕಬ್ಬಿಣದ ಮೇಸ್ತ್ರಿ ಟೇಪು ಬೇಡ, ಮೈ ಮೇಲೆ ಬಾಗೋದಿಲ್ಲ.

ಮಗುವನ್ನ ಸ್ಟೂಲ್ ಮೇಲೆ ಕೂರಿಸಿ, ಮಂಡಿ ಸರಿಯಾಗಿ ಮಡಚಿರಲಿ, ಪಾದ ನೆಲಕ್ಕೆ ಪೂರ್ತಿ ಊರಿರಲಿ. ಮಂಡಿ ಚಿಪ್ಪಿನ ನಟ್ಟನಡುವೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ. ಪಾದದ ಪಕ್ಕ ಉಬ್ಬಿರೋ ಎಲುಬು ಇದೆಯಲ್ಲ, ಅದರ ನಡುವೆ ಇನ್ನೊಂದು ಚುಕ್ಕೆ. ಈ ಎರಡರ ನಡುವಿನ ಅಂತರವೇ ಪ್ಯಾಡ್ ಅಂಗಡಿಯವರು ಕೇಳೋ ಮುಖ್ಯ ಅಳತೆ, ಪಾದದ ಗಂಟಿನಿಂದ ಮಂಡಿವರೆಗೆ. ಆಮೇಲೆ ನೆಲದಿಂದ ಮಂಡಿ ನಡುವಿನವರೆಗೆ ಎಷ್ಟು, ಮಂಡಿ ನಡುವಿನಿಂದ ಸೊಂಟದ ಕೆಳಗಿನ ಎಲುಬಿನವರೆಗೆ ಎಷ್ಟು ಅಂತ ಬೇರೆ ಬೇರೆ ಬರೆದುಕೊಳ್ಳಿ. ಎರಡೂ ಕಾಲು ಅಳೀರಿ, ಕಾಲಿಂಚು ಹೆಚ್ಚುಕಮ್ಮಿ ಇರೋದುಂಟು. ತಲೆ ಸುತ್ತಳತೆ ಹುಬ್ಬಿಗಿಂತ ಒಂದಿಂಚು ಮೇಲೆ. ಎದೆ ಸುತ್ತಳತೆ, ಭುಜದಿಂದ ಮಣಿಕಟ್ಟಿನವರೆಗೆ ತೋಳು, ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿವರೆಗೆ ಕೈ.

ಒಂದು ಮಾತು, ಅಳತೆ ಹಿಡಿಯುವಾಗ ಮಗು ಎದೆ ಉಬ್ಬಿಸಿ, ಬೆನ್ನು ನೆಟ್ಟಗೆ ಮಾಡಿ ಕೂರ್ತದೆ, ಫೋಟೋಗೆ ಕೂತ ಹಾಗೆ. ಬಿಡಿ, ಒಂದೆರಡು ಮಾತಾಡಿಸಿ, ಮೈ ಸಡಿಲ ಆದ ಮೇಲೆ ಅಳೀರಿ.

ಹೆಜ್ಜೆ 3: ಕಾಲಿನ ಪ್ಯಾಡ್

ಎಲ್ಲಕ್ಕಿಂತ ದುಡ್ಡು ಹೋಗೋದೂ ಇಲ್ಲೇ, ತಪ್ಪಾಗೋದೂ ಇಲ್ಲೇ. ಪ್ಯಾಡ್ ಮೇಲೆ 30 ಪ್ಲಸ್ 1, 33 ಪ್ಲಸ್ 2 ಹೀಗೆ ಬರೆದಿರ್ತಾರೆ. ಮೊದಲನೇ ನಂಬರ್ ಪ್ಯಾಡಿನ ಉದ್ದ ಇಂಚಿನಲ್ಲಿ, ಪ್ಲಸ್ ಆದ ಮೇಲಿನದು ತೊಡೆ ಮೇಲೆ ಬರೋ ಭಾಗಕ್ಕೆ ಸೇರಿಸಿದ ಹೆಚ್ಚುವರಿ. ಪ್ರತಿ ಕಂಪನಿಗೂ ಅದರದ್ದೇ ಚಾರ್ಟ್, ಒಬ್ಬರ 30 ಇನ್ನೊಬ್ಬರ 31 ಆಗಿರ್ತದೆ, ಹಾಗಾಗಿ ಗೆಳೆಯನ ಮಗನ ಸೈಜ್ ಕೇಳಿ ತರಿಸಬೇಡಿ, ನಿಮ್ಮ ಗಂಟಿನಿಂದ ಮಂಡಿ ಅಳತೆ ಹಿಡ್ಕೊಂಡು ಆ ಕಂಪನಿಯ ಚಾರ್ಟೇ ನೋಡಿ.

ಎನ್‌ಎಚ್‌ಎಲ್‌ನಲ್ಲಿ ಉದ್ದದ ಮಿತಿ ಹೇಗೆ ಲೆಕ್ಕ ಹಾಕ್ತಾರೆ ಅನ್ನೋದು ಗೊತ್ತಿರಲಿ, ಅರ್ಥ ಆಗೋಕೆ ಚೆನ್ನಾಗಿದೆ. ನೆಲದಿಂದ ಮಂಡಿ ನಡುವಿನವರೆಗಿನ ಅಳತೆ, ಅದಕ್ಕೆ ಮಂಡಿಯಿಂದ ಸೊಂಟದೆಲುಬಿನವರೆಗಿನ ಅಂತರದ ಶೇ 45 ಕೂಡಿಸ್ತಾರೆ, ಸ್ಕೇಟಿನ ಎತ್ತರಕ್ಕೆ ಬೇರೆ ಸೇರಿಸ್ತಾರೆ. ಒಬ್ಬ ಗೋಲ್‌ಕೀಪರ್‌ಗೆ ಮಂಡಿಯಿಂದ ಸೊಂಟಕ್ಕೆ 20 ಇಂಚು ಇದೆ ಅನ್ನಿ, ಅದರ ಶೇ 45 ಅಂದ್ರೆ 9 ಇಂಚು, ಅಂದ್ರೆ ಪ್ಯಾಡು ಮಂಡಿಗಿಂತ ಮೇಲೆ ತೊಡೆಯ ಅರ್ಧಕ್ಕೂ ಬರೋ ಹಾಗಿಲ್ಲ. 2013ಕ್ಕಿಂತ ಮೊದಲು ಇದು ಶೇ 55 ಇತ್ತು, ಅದೇ ಮನುಷ್ಯನಿಗೆ 11 ಇಂಚು. ಆ ಎರಡು ಇಂಚು ಎಲ್ಲಿ ಕೆಲಸ ಮಾಡ್ತಿತ್ತು ಅಂದ್ರೆ, ಗೋಲ್‌ಕೀಪರ್ ಎರಡೂ ಮಂಡಿ ಊರಿ ಕಾಲು ಎರಡು ಕಡೆ ಚಾಚ್ತಾರಲ್ಲ, ಬಟರ್‌ಫ್ಲೈ ಅಂತಾರೆ, ಆಗ ಎರಡು ಪ್ಯಾಡಿನ ತುದಿ ನಡುವೆ ಬಂದು ತೊಡೆ ಸಂದಿಯನ್ನ ಬಾಗಿಲು ಹಾಕಿದ ಹಾಗೆ ಮುಚ್ತಿತ್ತು. ಅದಕ್ಕೇ ಕತ್ತರಿ ಹಾಕಿದ್ದು.

ಮನೇಲಿ ಹೀಗೆ ನೋಡಿ. ಸ್ಕೇಟ್ ಹಾಕಿಸಿ, ಬ್ಲೇಡಿಗೆ ಗಾರ್ಡ್ ಇರಲಿ, ಪ್ಯಾಡ್ ಕಟ್ಟಿಸಿ, ಚಾಪೆ ಮೇಲೆ ಬಟರ್‌ಫ್ಲೈ ಕೂರಿಸಿ. ಪ್ಯಾಡಿನ ಒಳಬದಿಗೆ ಮಂಡಿ ಊರೋಕೆ ಅಂತಲೇ ದಪ್ಪ ಮೆತ್ತೆ ಇರ್ತದೆ, ಮಂಡಿ ಸರಿಯಾಗಿ ಅದರ ನಡುವೆ ಕೂತಿರಬೇಕು. ಪ್ಯಾಡ್ ದೊಡ್ಡದಾದ್ರೆ ಮಂಡಿ ಆ ಮೆತ್ತೆಯ ಕೆಳಗಡೆ ಜಾರ್ತದೆ, ಬರೀ ಮಂಡಿ ನೆಲಕ್ಕೆ ಹೊಡೀತದೆ, ಒಂದು ಪ್ರಾಕ್ಟೀಸಿನಲ್ಲಿ ನೂರು ಸಲ ಹೀಗೆ ಬಿದ್ರೆ ಆ ಮಂಡಿ ಗತಿ ಏನು ಹೇಳಿ. ನಮ್ಮ ಹುಡುಗಿಗೆ ಆ ಹಳೇ ಪ್ಯಾಡಿನಲ್ಲಿ ಆಗಿದ್ದು ಇದೇ. ಕೂತ್ಲು, ಎರಡು ಪ್ಯಾಡಿನ ಮೇಲ್ತುದಿ ಒಂದಕ್ಕೊಂದು ಡಿಕ್ಕಿ ಹೊಡೆದು ಸಿಕ್ಕಿಹಾಕಿಕೊಂಡ್ವು, ಪ್ಯಾಡ್ ತಿರುಗಲೇ ಇಲ್ಲ, ಎಡಗಾಲು ಒಳಗೇ ಉಳಿದು ಪಕ್ಕಕ್ಕೆ ಬಿದ್ಲು. ಕೆಂಪು ಗಾರೆ ನೆಲ, ಮೊಣಕೈ ತರಚಿ ಹೋಯ್ತು. ದೊಡ್ಡ ಪ್ಯಾಡ್ ಹಾಕಿದ್ರೆ ಜಾಸ್ತಿ ಗೋಲು ತಡೀಬಹುದು ಅನ್ನೋ ಯೋಚನೆ ನನಗೆ ಅಲ್ಲಿಗೇ ಬಿಟ್ಟುಹೋಯ್ತು.

ಅಗಲ ಅಳೆಯೋದು ಕಾಲಿಗೆ ಕಟ್ಟಿದ ಮೇಲೆ, ಅತಿ ಅಗಲ ಇರೋ ಕಡೆ, ಟೇಪು ಎದುರಿಂದ ನೇರ ಹಿಡಿದು. ಹಳೇ ಪ್ಯಾಡ್ ಬಳಸಿ ಬಳಸಿ ಚಪ್ಪಟೆ ಆಗಿ ಅಗಲ ಆಗ್ತದೆ, ಕಂಪನಿಯಿಂದ ಬಂದಾಗ 11 ಇದ್ದಿದ್ದು ಆಮೇಲೆ ಜಾಸ್ತಿ ಆಗಿರಬಹುದು, ರೆಫ್ರಿ ನೋಡೋದು ಇವತ್ತಿನ ಅಳತೆ. ಅಂಚು ಕತ್ತರಿಸಿ ಹೊಲಿಸಬಹುದಾ ಅಂತ ನಾನೂ ಯೋಚಿಸಿದ್ದೆ, ಬೇಡ, ಒಳಗಿನ ಫೋಮ್ ಕತ್ತರಿಸಿದ್ರೆ ಪೆಟ್ಟು ತಡೆಯೋ ಶಕ್ತಿ ಹೋಗ್ತದೆ. ಪ್ಯಾಡಿನ ಮೇಲೆ ಪಕ್ ತಿರುಗಿಸೋಕೆ ಅಂತ ಉಬ್ಬು, ಪಟ್ಟಿ ಏನೂ ಅಂಟಿಸೋ ಹಾಗಿಲ್ಲ.

ಹೆಜ್ಜೆ 4: ಎದೆ, ಭುಜ, ಪ್ಯಾಂಟು, ಜರ್ಸಿ

ಚೆಸ್ಟ್ ಪ್ರೊಟೆಕ್ಟರ್ ನೋಡುವಾಗ ಮಗುವನ್ನ ನೆಟ್ಟಗೆ ನಿಲ್ಲಿಸಿ ನೋಡಿದ್ರೆ ಏನೂ ಗೊತ್ತಾಗೋದಿಲ್ಲ. ಆಡುವಾಗ ನಿಲ್ಲೋ ಹಾಗೆ ಬಗ್ಗಿ ನಿಲ್ಲೋಕೆ ಹೇಳಿ, ಮಂಡಿ ಮಡಚಿ, ಎದೆ ಮುಂದೆ. ಆಗ ಭುಜದ ಮೆತ್ತೆ ಭುಜದ ಆಕಾರ ಬಿಟ್ಟು ಮೇಲೆದ್ದು ಕಿವಿ ಹತ್ರ ಗೋಡೆ ಕಟ್ಟಿದ ಹಾಗೆ ನಿಂತ್ರೆ ಅದು ಎನ್‌ಎಚ್‌ಎಲ್ ರೂಲಿನ ಪ್ರಕಾರ ತಪ್ಪು. ಮಗುವಿಗೂ ಕಷ್ಟ, ತಲೆ ತಿರುಗಿಸೋಕೆ ಆಗೋದಿಲ್ಲ, ಮಾಸ್ಕ್ ತಾಗ್ತದೆ. ಎರಡೂ ಕೈ ಮುಂದೆ ತಂದು ಮೊಣಕೈ ಕೂಡಿಸೋಕೆ ಆಗ್ಬೇಕು, ಮಣಿಕಟ್ಟಿನ ಹತ್ರ ಗ್ಲೌಸಿಗೂ ತೋಳಿಗೂ ನಡುವೆ ಚರ್ಮ ಕಾಣಬಾರದು. ಗಂಟಲ ಕೆಳಗೆ, ಕಾಲರ್ ಎಲುಬಿನ ಮೇಲೆ ಬೆರಳಿಟ್ಟು ಒತ್ತಿ ನೋಡಿ, ಬೆರಳಿಗೆ ಎಲುಬು ಸಿಕ್ರೆ ಪಕ್‌ಗೂ ಸಿಗ್ತದೆ.

ಎನ್‌ಎಚ್‌ಎಲ್‌ನಲ್ಲಿ 2017ರ ಫೆಬ್ರವರಿಯಲ್ಲಿ ಪ್ಯಾಂಟು, 2018ರ ಸೀಸನ್‌ಗೆ ಎದೆಯ ರಕ್ಷಣೆ ಎರಡನ್ನೂ ಮೈ ಆಕಾರಕ್ಕೆ ಹತ್ತಿರ ಬರೋ ಹಾಗೆ ಸಣ್ಣ ಮಾಡಿದ್ರು. ತೊಡೆಯ ಮೆತ್ತೆ ಹಲಗೆ ಹಾಗೆ ಚಪ್ಪಟೆ ಇರಬಾರದು, ತೊಡೆ ಸುತ್ತ ದುಂಡಗೆ ಇರಬೇಕು, ಅಷ್ಟು ನೆನಪಿಟ್ಟುಕೊಂಡ್ರೆ ಸಾಕು. ಜರ್ಸಿ ವಿಷಯದಲ್ಲಿ, ತೋಳು ಎತ್ತಿದಾಗ ಕಂಕುಳ ಕೆಳಗೆ ಬಾವಲಿ ರೆಕ್ಕೆ ಹಾಗೆ ಬಟ್ಟೆ ಬಿಗಿದು ನಿಲ್ಲಬಾರದು, ಮಣಿಕಟ್ಟಿಗೆ ಜರ್ಸಿ ಕಟ್ಟಿ ಆ ಥರ ಮಾಡೋದನ್ನೂ ನಿಲ್ಲಿಸಿದ್ದಾರೆ. ಹಿಂದೆ ಟೋನಿ ಎಸ್ಪೊಸಿಟೊ ಅನ್ನೋ ದೊಡ್ಡ ಗೋಲ್‌ಕೀಪರ್ ಪ್ಯಾಂಟಿನ ಎರಡು ಕಾಲಿನ ನಡುವೆ ಎಲಾಸ್ಟಿಕ್ ಬಲೆ ಹೊಲಿಸಿಕೊಂಡಿದ್ದು ಪ್ರಸಿದ್ಧ ಕತೆ, ಬಲೆ ಹಾಕೋದು ಗೋಲಿನ ಹಿಂದೆ ಮಾತ್ರ ಅಂತ ಅದನ್ನೂ ತೆಗೆಸಿದ್ರು.

ಹೆಜ್ಜೆ 5: ಎರಡು ಕೈ, ಒಂದು ಸ್ಟಿಕ್

ಕ್ಯಾಚಿಂಗ್ ಗ್ಲೌಸಿನ ಹೊರ ಅಂಚಿನ ಸುತ್ತಳತೆ 45 ಇಂಚು ಮೀರಬಾರದು. ಟೇಪನ್ನ ಅಂಚಿಗೆ ಅಂಟಿಸಿದ ಹಾಗೆ ಪೂರ್ತಿ ಒಂದು ಸುತ್ತು ತಂದು ಅಳೀಬೇಕು, ಒಬ್ಬರಿಂದ ಆಗೋದಿಲ್ಲ, ಇಬ್ಬರು ಬೇಕು. ಅಂಗೈ ಬುಡದಿಂದ ಪಾಕೆಟಿನ ಒಳಗಿಂದಲೇ ಟೇಪು ಬಿಟ್ಟುಕೊಂಡು ಮೇಲಿನ ಟಿ ಆಕಾರದ ಪಟ್ಟಿಯ ತುದಿವರೆಗೆ 18 ಇಂಚು. ಮಕ್ಕಳ ಗ್ಲೌಸ್ ಇದಕ್ಕಿಂತ ಎಷ್ಟೋ ಸಣ್ಣ ಇರ್ತದೆ, ಹಾಗಾಗಿ ಇಲ್ಲಿ ರೂಲಿಗಿಂತ ಮುಖ್ಯ ಬೇರೆ, ಮಗುವಿನ ಕೈಗೆ ಗ್ಲೌಸ್ ಮುಚ್ಚೋಕೆ ಆಗ್ತದಾ? ದೊಡ್ಡವರ ಹೊಸ ಗ್ಲೌಸ್ ಹಲಗೆ ಹಾಗೆ ಗಟ್ಟಿ ಇರ್ತದೆ, 14 ವರ್ಷದ ಕೈ ಅದನ್ನ ಅರ್ಧವೂ ಮಡಚೋದಿಲ್ಲ, ಪಕ್ ಬಂದು ತಾಗಿ ಹೊರಗೆ ಬೀಳ್ತದೆ. ಯೂತ್, ಜೂನಿಯರ್, ಇಂಟರ್‌ಮೀಡಿಯೆಟ್, ಸೀನಿಯರ್ ಅಂತ ನಾಲ್ಕು ಸೈಜ್ ಇದೆ, ಕೈ ಹಾಕಿ, ಟೆನಿಸ್ ಬಾಲ್ ಎಸೆದು ನೋಡಿಯೇ ತಗೊಳ್ಳಿ. ಮತ್ತೆ ಯಾವ ಕೈ ಅನ್ನೋದು. ಕ್ರಿಕೆಟಿನಲ್ಲಿ ಬಲಗೈಯಲ್ಲಿ ಎಸೆಯೋ ಮಗು ಸಾಮಾನ್ಯವಾಗಿ ಎಡಗೈಗೆ ಕ್ಯಾಚಿಂಗ್ ಗ್ಲೌಸ್ ಹಾಕ್ತದೆ, ಅಂಗಡಿಯಲ್ಲಿ ಅದಕ್ಕೆ ರೆಗ್ಯುಲರ್ ಅಂತಾರೆ, ಉಲ್ಟಾ ಆದ್ರೆ ಫುಲ್ ರೈಟ್. ಆರ್ಡರ್ ಮಾಡುವಾಗ ಇದು ತಪ್ಪಿದ್ರೆ ಇಡೀ ಜೋಡಿ ವಾಪಸ್ಸು.

ಈ ಗ್ಲೌಸೂ ಹೊರಗಿಂದ ಬಂದಿದ್ದೇ, 1940ರ ದಶಕದಲ್ಲಿ ಎಮಿಲ್ ಫ್ರಾನ್ಸಿಸ್ ಅನ್ನೋ ಗೋಲ್‌ಕೀಪರ್ ಬೇಸ್‌ಬಾಲಿನ ಗ್ಲೌಸಿಗೆ ಮಣಿಕಟ್ಟಿನ ಕಫ್ ಹೊಲಿಸಿ ಬಳಸಿದ್ದು, ಆಮೇಲೆ ಎಲ್ಲರೂ ಹಿಂದೆ ಬಂದ್ರು.

ಬ್ಲಾಕರ್ ಅಂದ್ರೆ ಸ್ಟಿಕ್ ಹಿಡಿಯೋ ಕೈಯ ಹಲಗೆ, 15 ಇಂಚು ಉದ್ದ, 8 ಇಂಚು ಅಗಲ, ಅಷ್ಟೇ. ಹೆಬ್ಬೆರಳು, ತೋರುಬೆರಳಿನ ರಕ್ಷಣೆ ಸರಿ ಇದೆಯಾ ನೋಡಿ.

ಸ್ಟಿಕ್‌ನಲ್ಲಿ ಕೆಳಗಿನ ಅಗಲದ ಭಾಗಕ್ಕೆ ಪ್ಯಾಡಲ್ ಅಂತಾರೆ, ಎನ್‌ಎಚ್‌ಎಲ್‌ನಲ್ಲಿ ಅದು 26 ಇಂಚು ಉದ್ದ, ಮೂರೂವರೆ ಇಂಚು ಅಗಲ ಮೀರಬಾರದು. ಅದರ ಕೆಳಗೆ ನೆಲಕ್ಕೆ ಕೂರೋ ಭಾಗ ಸ್ಟಿಕ್ಕಿನ ಬ್ಲೇಡ್, ಅದು ಹದಿನೈದೂವರೆ ಇಂಚು ಉದ್ದ, ಅಗಲ ಮೂರೂವರೆ, ಹಿಮ್ಮಡಿ ಅಂದ್ರೆ ಪ್ಯಾಡಲಿಗೆ ಸೇರೋ ಮೂಲೆ ಹತ್ರ ಮಾತ್ರ ನಾಲ್ಕೂವರೆವರೆಗೆ ಬಿಡ್ತಾರೆ. ಮಗುವಿಗೆ ಸರಿ ಸೈಜ್ ಅಂದ್ರೆ ಆಟಕ್ಕೆ ಬಗ್ಗಿ ನಿಂತಾಗ ಬ್ಲೇಡ್ ಪೂರ್ತಿ ನೆಲಕ್ಕೆ ಚಪ್ಪಟೆ ಕೂತು, ಪ್ಯಾಡಲ್ ಮುಗಿಯೋ ಕಡೆ ಕೈ ಸಹಜವಾಗಿ ಬಂದಿರಬೇಕು. ಪ್ಯಾಡಲ್ ಉದ್ದ ಆದ್ರೆ ಭುಜ ಮೇಲೆ ಎತ್ತಿ ನಿಲ್ತಾರೆ, ಕಂಕುಳ ಕೆಳಗೆ ದೊಡ್ಡ ಸಂದಿ, ಪಕ್ ಅಲ್ಲೇ ನುಗ್ತದೆ. ಸ್ಟಿಕ್ಕಿನ ತುದಿಗೆ ಬಿಳಿ ಟೇಪ್ ಸುತ್ತಿ ಅರ್ಧ ಇಂಚಿನ ಗುಬ್ಬಿ ಮಾಡ್ಬೇಕು, ಇನ್ನೊಬ್ಬರ ಮೈಗೆ ಚುಚ್ಚದೇ ಇರಲಿ ಅಂತ.

ಹೆಜ್ಜೆ 6: ತಲೆ ಮತ್ತೆ ಗಂಟಲು, ಇಲ್ಲಿ ಒಂದು ರೂಪಾಯಿ ಉಳಿಸಬೇಡಿ

1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಜಾಕ್ ಪ್ಲಾಂಟ್ ಅನ್ನೋ ಗೋಲ್‌ಕೀಪರ್ ಮುಖಕ್ಕೆ ಪಕ್ ಬಿತ್ತು, ಹೊಲಿಗೆ ಹಾಕಿಸಿಕೊಂಡು ಬಂದವರು ಮಾಸ್ಕ್ ಇಲ್ಲದೇ ಇನ್ನು ಆಡೋದಿಲ್ಲ ಅಂತ ಹೇಳಿ ಮಾಸ್ಕ್ ಹಾಕ್ಕೊಂಡೇ ಗೋಲಿಗೆ ನಿಂತ್ರು. ಅಲ್ಲಿವರೆಗೆ ಹೆಚ್ಚಿನವರು ಬರೀ ಮುಖದಲ್ಲೇ ನಿಲ್ತಿದ್ರು ಅನ್ನೋದು ಯೋಚಿಸಿದ್ರೆ ಈಗಲೂ ಮೈ ಜುಂ ಅಂತದೆ.

ಕೆನಡಾದಲ್ಲಿ ಮಕ್ಕಳ ಮಾಸ್ಕಿಗೆ ಸಿಎಸ್‌ಎ ಅನ್ನೋ ಗುಣಮಟ್ಟ ಸಂಸ್ಥೆಯ ಸರ್ಟಿಫಿಕೇಟ್ ಸ್ಟಿಕ್ಕರ್ ಇರಲೇಬೇಕು, ಅಮೆರಿಕದಲ್ಲಿ ಎಚ್‌ಇಸಿಸಿ ಸಂಸ್ಥೆಯದು. ಕಣ್ಣಿನ ಹತ್ರ ಬೆಕ್ಕಿನ ಕಣ್ಣಿನ ಹಾಗೆ ದೊಡ್ಡ ತೂತು ಬಿಟ್ಟ ಜಾಲರಿ ಇರೋ ಮಾಸ್ಕ್ ಟಿವಿಯಲ್ಲಿ ಚಂದ ಕಾಣ್ತದೆ, ಮಕ್ಕಳಿಗೆ ಬೇಡ, ಆ ತೂತಿನಲ್ಲಿ ಸ್ಟಿಕ್ಕಿನ ತುದಿ ಒಳಗೆ ಬರಬಹುದು. ನೇರ ಸರಳಿನ ಜಾಲರಿಯೇ ಇರಲಿ. ಸೆಕೆಂಡ್ ಹ್ಯಾಂಡ್ ಮಾಸ್ಕ್ ತಗೊಳ್ಳೋದಾದ್ರೆ ಬಿಸಿಲಿಗೆ ಹಿಡಿದು ಬಿರುಕು ನೋಡಿ, ಒಳಗಿನ ಫೋಮ್ ಒತ್ತಿ ನೋಡಿ, ತೂತು ಕೊರೆದಿದ್ರೆ ಬಿಟ್ಟುಬಿಡಿ. ಹಾಕಿದ ಮೇಲೆ ತಲೆ ಜೋರಾಗಿ ಅಲ್ಲಾಡಿಸಿದ್ರೂ ಮಾಸ್ಕ್ ತಲೆ ಜೊತೆಗೇ ಹೋಗ್ಬೇಕು, ಹಿಂದೆ ಉಳಿದು ಆಮೇಲೆ ಬರಬಾರದು. ದೊಡ್ಡ ಮಾಸ್ಕ್ ಅಂತೂ ಬೇಡವೇ ಬೇಡ, ಬೆಳೆಯೋ ತಲೆ ಅನ್ನೋ ಮಾತೇ ಇಲ್ಲ.

ಗಂಟಲಿಗೆ ಎರಡು ಅಪಾಯ, ಪಕ್ ಒಂದು, ಸ್ಕೇಟ್ ಬ್ಲೇಡ್ ಇನ್ನೊಂದು. 1989ರಲ್ಲಿ ಬಫಲೋ ತಂಡದ ಗೋಲ್‌ಕೀಪರ್ ಕ್ಲಿಂಟ್ ಮಾಲಾರ್ಚುಕ್ ಕುತ್ತಿಗೆಗೆ ಬ್ಲೇಡ್ ತಾಗಿ ಸಾವಿನ ಬಾಗಿಲಿಂದ ವಾಪಸ್ ಬಂದ್ರು. 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ಆಡಮ್ ಜಾನ್ಸನ್ ಅನ್ನೋ ಆಟಗಾರ ಹೀಗೇ ತೀರಿಹೋದ್ರು, ಅದಾದ ಮೇಲೆ ಐಐಎಚ್‌ಎಫ್ ಕುತ್ತಿಗೆ ರಕ್ಷಣೆ ಕಡ್ಡಾಯ ಮಾಡಿತು, ಯುಎಸ್‌ಎ ಹಾಕಿ 2024ರ ಆಗಸ್ಟಿನಿಂದ ಮಕ್ಕಳಿಗೆ ಕಡ್ಡಾಯ ಮಾಡಿತು. ಮಾಸ್ಕ್ ಕೆಳಗೆ ನೇತಾಡೋ ಪ್ಲಾಸ್ಟಿಕ್ ತಟ್ಟೆ ಇದೆಯಲ್ಲ, ಅದು ಪಕ್‌ಗೆ, ಬ್ಲೇಡಿಗೆ ಅಲ್ಲ. ಕುತ್ತಿಗೆಗೆ ಸುತ್ತೋ ಪಟ್ಟಿ ಬೇರೆ ಬೇಕು. ಎರಡೂ ಬೇಕು. ಹುಡುಗಿ ಸೆಖೆ ಅಂತ ರಗಳೆ ಮಾಡಿದ್ಲು, ನಾವು ಬಿಡ್ಲಿಲ್ಲ.

ಹೆಜ್ಜೆ 7: ಗೋಡೆ ಮೇಲೆ ಗೋಲು, ಹಗ್ಗದ ಲೆಕ್ಕ

ಸಣ್ಣ ಪ್ಯಾಡ್ ತಂದ ಮೇಲೆ ಹುಡುಗಿ ಸಪ್ಪೆ ಆಗಿದ್ಲು. ಅವಳ ಎತ್ತರ ಬೇರೆ ಐದಡಿ ಒಂದಿಂಚು, ದೊಡ್ಡ ಗೋಲ್‌ಕೀಪರ್‌ಗಳೆಲ್ಲ ಆರಡಿ ಮೇಲೆ ಅಂತ ಮೊಬೈಲಿನಲ್ಲಿ ನೋಡಿ ನೋಡಿ ಮನಸ್ಸು ಕೆಡಿಸಿಕೊಂಡಿದ್ಲು. ಹೌದು, ಎನ್‌ಎಚ್‌ಎಲ್‌ನಲ್ಲಿ ಆಡಿದ ಬೆನ್ ಬಿಷಪ್ ಆರಡಿ ಏಳಿಂಚು. ಆದ್ರೆ ಮೈ ಎತ್ತರಕ್ಕೆ ಯಾವ ರೂಲೂ ಇಲ್ಲ, ರಾಯ್ ವರ್ಟರ್ಸ್ ಅನ್ನೋರು ಐದಡಿ ಮೂರಿಂಚು ಇದ್ದವರು 1929ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡೋ ಹಾರ್ಟ್ ಟ್ರೋಫಿ ಗೆದ್ರು, ಅದನ್ನ ಗೆದ್ದ ಮೊದಲ ಗೋಲ್‌ಕೀಪರ್ ಅವರೇ. ಈಗ ಆಡ್ತಿರೋ ಯೂಸೆ ಸಾರೋಸ್ ಐದಡಿ ಹನ್ನೊಂದು, ಅಲ್ಲಿಯ ಲೆಕ್ಕದಲ್ಲಿ ಗಿಡ್ಡವೇ.

ಮಾತು ಸಾಕಾಗ್ಲಿಲ್ಲ ಅಂತ ಅಂಗಳದಲ್ಲಿ ಮಾಡಿ ತೋರಿಸಿದೆ, ನೀವೂ ಮಾಡಿ. ಕಂಪೌಂಡ್ ಗೋಡೆ ಮೇಲೆ ಚಾಕ್‌ಪೀಸಿನಲ್ಲಿ 6 ಅಡಿ ಅಗಲ, 4 ಅಡಿ ಎತ್ತರದ ಗೋಲು ಬರೆದ್ವಿ. ಎರಡು ಕಂಬದ ಬುಡಕ್ಕೂ ಮೊಳೆ, ಎರಡಕ್ಕೂ ನಾರಿನ ಹಗ್ಗ ಕಟ್ಟಿ, ಎದುರಿಗೆ 20 ಅಡಿ ದೂರದಲ್ಲಿ ಎರಡೂ ತುದಿ ಕೂಡಿಸಿ ಒಂದು ಕಲ್ಲಿಟ್ಟೆ, ಅದೇ ಪಕ್. ಗೋಡೆಗೆ ಒತ್ತಿ ನಿಲ್ಲು ಅಂದೆ. ನಿಂತ್ಲು, ಎರಡೂ ಕಡೆ ಹಗ್ಗ ಎಷ್ಟೋ ದೂರ, ಅಗಲ 6 ಅಡಿ. ಈಗ ಐದಡಿ ಮುಂದೆ ಬಾ ಅಂದೆ. ಬಂದ್ಲು. ಅಲ್ಲಿ ಹಗ್ಗದಿಂದ ಹಗ್ಗಕ್ಕೆ ಟೇಪು ಹಿಡಿದ್ರೆ ನಾಲ್ಕೂವರೆ ಅಡಿ. ಒಂದೂವರೆ ಅಡಿ, ಅಂದ್ರೆ 18 ಇಂಚು ಕಮ್ಮಿ ಆಯ್ತು. ಆ 12 ಇಂಚಿನ ಪ್ಯಾಡಿನಿಂದ ನಿನಗೆ ಸಿಗ್ತಿದ್ದಿದ್ದು ಎಷ್ಟು, ಎರಡು ಕಾಲಿಗೂ ಕೂಡಿ ಎರಡೇ ಇಂಚು, ಸರಿಯಾದ ಜಾಗಕ್ಕೆ ನೀನು ನಿನ್ನ ಕಾಲಲ್ಲಿ ಹೋದ್ರೆ 18 ಇಂಚು. ಅವಳು ಹಗ್ಗದ ನಡುವೆ ಹಿಂದೆ ಮುಂದೆ ಹೋಗಿ ಬಂದು ಸುಮಾರು ಹೊತ್ತು ನೋಡಿದ್ಲು, ಆಮೇಲೆ ಕಲ್ಲನ್ನ ತಾನೇ ಪಕ್ಕಕ್ಕೆ ಸರಿಸಿ, ಮಾಮ, ಇಲ್ಲಿಂದ ಹೊಡೆದ್ರೆ ನಾನು ಎಲ್ಲಿ ನಿಲ್ಲೋದು ಅಂತ ಕೇಳಿದ್ಲು. ಕತ್ತಲೆ ಆಗೋವರೆಗೂ ಅದೇ ನಡೀತು.

ಹೆಜ್ಜೆ 8: ಪೂರ್ತಿ ಹಾಕಿಸಿ ಒಂದು ಟ್ರಯಲ್

ಎಲ್ಲ ಸಾಮಾನು ಒಟ್ಟಿಗೆ ಹಾಕಿದಾಗ ಮಾತ್ರ ಗೊತ್ತಾಗೋ ತೊಂದರೆ ಇರ್ತವೆ, ಎದೆಯ ಮೆತ್ತೆ ಪ್ಯಾಂಟಿಗೆ ತಾಗೋದು, ಪ್ಯಾಡ್ ಮೇಲ್ತುದಿ ಪ್ಯಾಂಟಿಗೆ ಸಿಕ್ಕೋದು, ಕುತ್ತಿಗೆ ಪಟ್ಟಿ ಮಾಸ್ಕಿಗೆ ಒತ್ತೋದು. ಅರ್ಧ ಗಂಟೆ ಹಾಕಿಸಿಡಿ. ಹತ್ತು ಸಲ ಬಟರ್‌ಫ್ಲೈ ಕೂತು ಏಳಲಿ, ಟೆನಿಸ್ ಬಾಲ್ ಎಸೀರಿ, ಮೆತ್ತಗೆ, ಮೊದಲು ಎದೆಗೆ, ಆಮೇಲೆ ಗ್ಲೌಸಿಗೆ, ಆಮೇಲೆ ಮಾಸ್ಕಿಗೆ. ಬಿಚ್ಚಿದ ಮೇಲೆ ಮೈ ಮೇಲೆ ಎಲ್ಲಿ ಕೆಂಪಾಗಿದೆ ನೋಡಿ, ಅಲ್ಲಿ ಪಟ್ಟಿ ಸಡಿಲಿಸ್ಬೇಕು ಇಲ್ಲ ಸೈಜ್ ತಪ್ಪು. ಮ್ಯಾಚಿಗೆ ಮುಂಚೆ ಮತ್ತೊಮ್ಮೆ ಟೇಪು ಹಿಡಿದು ಎಲ್ಲ ಬರೆದುಕೊಂಡು ಹೋಗಿ. ಎನ್‌ಎಚ್‌ಎಲ್‌ನಲ್ಲಿ ಅಳತೆ ಮೀರಿದ ಸಾಮಾನು ಸಿಕ್ರೆ ಗೋಲ್‌ಕೀಪರ್‌ಗೆ ಎರಡು ಮ್ಯಾಚ್ ಅಮಾನತು, ತಂಡಕ್ಕೆ ದಂಡ ಬೇರೆ. ಮಕ್ಕಳ ಆಟದಲ್ಲಿ ಅಷ್ಟು ಇಲ್ಲದಿದ್ರೂ ಎಲ್ಲರ ಎದುರು ಪ್ಯಾಡ್ ಬಿಚ್ಚಿಸಿದ್ರೆ ಆ ಮಗುವಿಗೆ ಹೇಗಾಗ್ಬೇಡ.

ನಮ್ಮ ಹವೆಗೆ ಸಾಮಾನು ಕಾಯೋದು

ಇದನ್ನ ಕೆನಡಾದವರು ಯಾರೂ ಹೇಳಿಕೊಡೋದಿಲ್ಲ, ಅಲ್ಲಿ ಈ ಸಮಸ್ಯೆ ಇಷ್ಟಿಲ್ಲ. ಕಾರವಾರದ ಉಪ್ಪು ಗಾಳಿಗೆ ಸ್ಕೇಟ್ ಬ್ಲೇಡ್ ಎರಡೇ ದಿನದಲ್ಲಿ ತುಕ್ಕು ಹಿಡೀತದೆ, ಮಾಸ್ಕಿನ ಸ್ಕ್ರೂಗಳೂ ಅಷ್ಟೇ. ಬ್ಲೇಡ್ ಒರೆಸಿ, ಮಶಿನ್ ಎಣ್ಣೆ ಹಚ್ಚಿ, ಬಟ್ಟೆ ಚೀಲದಲ್ಲಿಡಿ, ಪ್ಲಾಸ್ಟಿಕ್ ಗಾರ್ಡ್ ಹಾಕೇ ಇಡಬೇಡಿ, ಒಳಗೆ ನೀರು ನಿಲ್ತದೆ. ಶಿರಸಿ, ಸಿದ್ದಾಪುರ ಕಡೆ ಮಳೆಗಾಲದಲ್ಲಿ ಪ್ಯಾಡಿಗೆ ಬೂಷ್ಟು ಗ್ಯಾರಂಟಿ. ಅಡಿಕೆ ಒಣಗಿಸೋ ಅಟ್ಟದ ಮೇಲೆ ಬೆಂಕಿ ಬಿಸಿಗೆ ಇಟ್ರೆ ಬೇಗ ಒಣಗ್ತದೆ ಅಂತ ನಮ್ಮ ಅತ್ತಿಗೆ ಹೇಳಿದ್ರು, ಇಡಬೇಡಿ, ಫೋಮ್ ಗಟ್ಟಿ ಆಗ್ತದೆ, ಅಂಟು ಬಿಡ್ತದೆ. ಫ್ಯಾನ್ ಕೆಳಗೆ ಬಿಚ್ಚಿ ನೇತುಹಾಕೋದೇ ಸರಿ, ಗ್ಲೌಸ್ ಒಳಗೆ ಹಳೇ ಪೇಪರ್ ತುರುಕಿ, ದಿನಾ ಬದಲಿಸಿ. ಗ್ಲೌಸಿನ ಪಾಕೆಟಿನಲ್ಲಿ ಎರಡು ಬಾಲ್ ಇಟ್ಟು ಕಟ್ಟಿಡಿ, ಆಕಾರ ಉಳೀತದೆ.

ಆ ಹಳೇ 12 ಇಂಚಿನ ಪ್ಯಾಡ್ ಎಸೆದಿಲ್ಲ, ಹುಡುಗಿ ಮನೇಲಿ ನಿಂತು ಪ್ರಾಕ್ಟೀಸ್ ಮಾಡುವಾಗ ಗೋಲಿನ ಎರಡು ಕಂಬದ ಹತ್ರ ಗೋಡೆಗೆ ಒರಗಿಸ್ತೇವೆ, ಬಾಲ್ ತಾಗಿ ಬಣ್ಣ ಹೋಗೋದು ತಪ್ತದೆ. ಮಕ್ಕಳ ಅಳತೆ ಆರು ತಿಂಗಳಿಗೊಮ್ಮೆ ತಗೋಬೇಕು, ಬೆಳೆಯೋ ವಯಸ್ಸಿನಲ್ಲಿ ಇನ್ನೂ ಬೇಗ. ಮೊನ್ನೆ ಮತ್ತೆ ಸ್ಟೂಲ್ ಮೇಲೆ ಕೂರಿಸಿ ಅಳೆದ್ವಿ, ಗಂಟಿನಿಂದ ಮಂಡಿಗೆ ಅರ್ಧ ಇಂಚು ಬೆಳೆದಿದ್ದಾಳೆ, ಮಂಡಿ ಇನ್ನೂ ಮೆತ್ತೆಯ ನಡುವೆಯೇ ಕೂರ್ತದೆ, ಈ ಜನವರಿಗೆ ಇದೇ ಪ್ಯಾಡ್ ಆಗ್ತದೆ.